ಉಪ್ಪಿನ ಕಾವಲು

ಉಪ್ಪಿನಕಾಯಿಯಲ್ಲಿ ನಾಲಗೆಗೆ ಮೊದಲು ತಾಗುವುದು ಖಾರ, ಆಮೇಲೆ ಹುಳಿ. ಆದರೂ ನಮ್ಮ ಹಿರಿಯರು ಅದನ್ನು ಖಾರದ ಕಾಯಿ ಎಂದು ಕರೆಯಲಿಲ್ಲ. ಷಷ್ಠೀ ವಿಭಕ್ತಿಯನ್ನು ಉಪ್ಪಿಗೆ ಹಚ್ಚಿ, ಕಾಯಿಯ ಒಡೆತನವನ್ನೇ ಅದಕ್ಕೆ ಬರೆದುಕೊಟ್ಟರು. ಭಾಷೆ ಕಲಿಸುವ ನನಗೆ ಈ ಹೆಸರು ಬಹಳ ನ್ಯಾಯವಾಗಿ ತೋರುತ್ತದೆ. ಮೆಣಸಿನಕಾಯಿ ಅಮೆರಿಕ ಖಂಡದಿಂದ ಹೊರಟು ನಮ್ಮ ಅಡುಗೆಮನೆಯನ್ನು ಸೇರಿದ್ದು ಪೋರ್ಚುಗೀಸರು ಈ ಕರಾವಳಿಗೆ ಬಂದಿಳಿದ ಮೇಲೆ. ಅದಿಲ್ಲದೆಯೂ ಕಾಯಿ ಉಳಿದೀತು, ಉಪ್ಪಿಲ್ಲದೆ ಉಳಿಯದು.

ಮಲೆನಾಡಿನಲ್ಲಿ ಅಪ್ಪೆಮಿಡಿಯನ್ನು ಉಪ್ಪಿಗೆ ಹಾಕುವ ಕ್ರಮವನ್ನು ನೋಡಿ. ಒರೆಸಿ ಆರಿಸಿದ ಮಿಡಿ ಒಂದು ಪದರ, ಹರಳುಪ್ಪು ಒಂದು ಪದರ. ಭರಣಿಗೆ ತೊಟ್ಟು ನೀರನ್ನೂ ಬೆರೆಸುವುದಿಲ್ಲ. ಆದರೂ ಕೆಲವು ದಿನಗಳಲ್ಲಿ ಮಿಡಿ ಚಿರುಟಿ, ತನ್ನ ನೀರಿನಲ್ಲಿ ತಾನೇ ಮುಳುಗಿರುತ್ತದೆ. ಜೀವಕೋಶದ ತೆಳುಪೊರೆಯ ಮೂಲಕ ನೀರು ಉಪ್ಪು ಕಡಿಮೆಯಿರುವೆಡೆಯಿಂದ ಹೆಚ್ಚಿರುವೆಡೆಗೆ ಸರಿಯುವುದೇ ಇದಕ್ಕೆ ಕಾರಣ. ಮಿಡಿಗೆ ಆದ ಗತಿಯೇ ಅದನ್ನು ಕೆಡಿಸಬಂದ ಸೂಕ್ಷ್ಮಜೀವಿಗೂ ಆಗುತ್ತದೆ. ಹೊರಗಿನ ನೀರನ್ನು ಕುಡಿಯೋಣವೆಂದರೆ ಅದನ್ನೂ ಉಪ್ಪು ತನ್ನ ಹಿಡಿತದಲ್ಲಿ ಇಟ್ಟುಕೊಂಡಿರುತ್ತದೆ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎಂಬ ಗಾದೆ ಇಲ್ಲಿ ತಿರುವುಮುರುವು: ನೀರಿನ ನೆಂಟಸ್ತನವಿದ್ದೂ ನೀರಿಗೇ ಬಡತನ!

ಆದರೆ ಈ ಕಾವಲಿಗೆ ಅಳತೆ ಮುಖ್ಯ. 100 ಗ್ರಾಂ ನೀರು ಸುಮಾರು 36 ಗ್ರಾಂ ಉಪ್ಪನ್ನು ಕರಗಿಸಿಕೊಳ್ಳಬಲ್ಲದು. ಅಂಥ ನೀರಿನಲ್ಲಿ ಆಹಾರ ಕೆಡಿಸುವ ಸಾಮಾನ್ಯ ಬ್ಯಾಕ್ಟೀರಿಯಗಳು ಬೆಳೆಯಲಾರವು. ಉಪ್ಪು ಮಿತವಾಗಿದ್ದರೆ, ಅದನ್ನು ತಾಳಬಲ್ಲ ಕೆಲವು ಬ್ಯಾಕ್ಟೀರಿಯಗಳು ಉಳಿದು ತರಕಾರಿಯಲ್ಲಿ ಹುಳಿಯನ್ನು ಹುಟ್ಟಿಸುತ್ತವೆ. ಆ ಹುಳಿ ಎರಡನೆಯ ಕಾವಲಾಗುತ್ತದೆ. ಇನ್ನೂ ಕಡಿಮೆಯಾದರೆ ಕೋಟೆಯ ಬಾಗಿಲು ತೆರೆದಂತೆಯೇ. ಒದ್ದೆ ಸೌಟನ್ನು ಭರಣಿಗೆ ಹಾಕಬೇಡಿ ಎಂದು ಅಜ್ಜಿಯರು ಗದರಿಸುತ್ತಿದ್ದುದು ಬರಿಯ ಮಡಿಯ ಮಾತಲ್ಲ. ಬಿದ್ದ ನೀರು ಅಲ್ಲಿಯ ಉಪ್ಪನ್ನು ತೆಳುವಾಗಿಸಿ ಬೂಸಲಿಗೆ ಎಡೆಕೊಡುತ್ತದೆ.

ಈಗಿನ ಪಾಕಪುಸ್ತಕಗಳಲ್ಲಿ ‘ಉಪ್ಪು ರುಚಿಗೆ ತಕ್ಕಷ್ಟು’ ಎಂಬ ಮಾತನ್ನು ಕಂಡಾಗ ನನಗೆ ಕಳವಳವಾಗುತ್ತದೆ. ಸಾರಿಗೆ ಆ ಮಾತು ಸಲ್ಲುತ್ತದೆ, ಭರಣಿಗೆ ಸಲ್ಲದು. ರಕ್ತದೊತ್ತಡದ ಭಯವೂ ಸುಳ್ಳಲ್ಲ. ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಆದರೆ ಆ ಭಯದಿಂದ ಭರಣಿಯ ಉಪ್ಪನ್ನು ಕಡಿಮೆಮಾಡಿದರೆ ಕಾಯಿಯೂ ಇಲ್ಲ, ಆರೋಗ್ಯವೂ ಇಲ್ಲ.

ಇದಕ್ಕೆ ಪರಿಹಾರವನ್ನು ಕರಾವಳಿಯ ಮನೆಗಳು ಎಂದೋ ಕಂಡುಕೊಂಡಿವೆ. ಬೇಸಗೆಯಲ್ಲಿ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆಯನ್ನು ಮಳೆಗಾಲದಲ್ಲಿ ಪಲ್ಯ ಮಾಡುವ ಮುನ್ನ ಸಿಹಿನೀರಿನಲ್ಲಿ ನೆನೆಹಾಕುತ್ತಾರೆ. ಒಳಹೊಕ್ಕ ಉಪ್ಪು ಬಹುಪಾಲು ಹೊರಬರುತ್ತದೆ. ಉಪ್ಪಿನಕಾಯಿಯನ್ನು ಹಾಗೆ ತೊಳೆಯುವಂತಿಲ್ಲ. ಆದುದರಿಂದಲೇ ಇರಬೇಕು, ಊಟದ ಎಲೆಯಲ್ಲಿ ಅದಕ್ಕೆ ಮೇಲಂಚಿನ ಒಂದು ಮೂಲೆಯಷ್ಟೇ ಜಾಗ. ಧಾರಾಳವೆಲ್ಲ ಭರಣಿಗೆ, ಜಿಪುಣತನ ಎಲೆಗೆ: ಈ ವಿವೇಕವೊಂದನ್ನು ಉಳಿಸಿಕೊಂಡರೆ ಕಾಯಿಯೂ ಉಳಿದೀತು, ಉಣ್ಣುವವನೂ ಉಳಿದಾನು.