ಕುಡಿಯುವ ನೀರು: ಯಂತ್ರಕ್ಕೆ ಮೊದಲು ಪರೀಕ್ಷೆ

ಬೇಸಿಗೆ ಕಾಲಿಟ್ಟಿತೆಂದರೆ ನಮ್ಮ ಚಿಕಿತ್ಸಾಲಯಕ್ಕೆ ಬರುವವರು ತಮ್ಮ ರೋಗದ ಮಾತಿನ ನಡುವೆ ಮತ್ತೊಂದು ಪ್ರಶ್ನೆಯನ್ನೂ ಕೇಳುತ್ತಾರೆ: ಮನೆಗೆ ನೀರು ಶುದ್ಧೀಕರಿಸುವ ಯಂತ್ರ ತರಬೇಕೋ ಬೇಡವೋ? ಮಗ, ಸೊಸೆ ಆರ್.ಓ. ಯಂತ್ರ ಬೇಕೆನ್ನುತ್ತಾರೆ. ಮನೆಯ ಹಿರಿಯರು ತಾಮ್ರದ ಕೊಡ ಸಾಕೆನ್ನುತ್ತಾರೆ. ಊರಲ್ಲಿ ಶುದ್ಧ ನೀರಿನ ಘಟಕವಿರುವಾಗ ಈ ಚರ್ಚೆಯೇ ಏಕೆಂದು ಪಂಚಾಯಿತಿಯವರು ಕೇಳುತ್ತಾರೆ. ಆಯುರ್ವೇದದ ವೈದ್ಯರಾದ್ದರಿಂದ ನಾವು ತಾಮ್ರದ ಕೊಡದ ಪಕ್ಷವನ್ನೇ ವಹಿಸುವೆವೆಂದು ಹಿರಿಯರ ನಂಬಿಕೆ. ಆದರೆ ರೋಗಿಯನ್ನು ನೋಡದೆ ಔಷಧಿಯನ್ನು ಹೇಗೆ ಬರೆಯಲಾಗದೋ, ಹಾಗೆಯೇ ನೀರನ್ನು ಪರೀಕ್ಷಿಸದೆ ಅದರ ಶುದ್ಧೀಕರಣದ ಕ್ರಮವನ್ನು ಹೇಳಲಾಗದು.

ನಮ್ಮ ಪ್ರಾಚೀನರು ಪರೀಕ್ಷೆಯನ್ನು ಬಿಟ್ಟವರಲ್ಲ. ಸುಶ್ರುತಸಂಹಿತೆಯಲ್ಲಿ ಮಳೆಯ ನೀರನ್ನು ಸಹ ಪರೀಕ್ಷಿಸಿಯೇ ಬಳಸಬೇಕೆಂಬ ವಿಧಿಯಿದೆ. ಬೆಳ್ಳಿಯ ಪಾತ್ರೆಯಲ್ಲಿ ಶಾಲಿ ಅಕ್ಕಿಯ ಅನ್ನದ ಮುದ್ದೆಯನ್ನಿಟ್ಟು ಮಳೆಯಲ್ಲಿ ಹಿಡಿದಾಗ, ಅನ್ನವು ಬಣ್ಣಗೆಡದೆ, ಹಳಸದೆ ಉಳಿದರೆ ಮಾತ್ರ ಆ ನೀರು ಗ್ರಾಹ್ಯ. ಕದಡಿದ ನೀರನ್ನು ತಿಳಿಗೊಳಿಸಲು ಅದೇ ಗ್ರಂಥ ಕತಕದ ಬೀಜವನ್ನು, ಎಂದರೆ ಚಿಲ್ಲದ ಬೀಜವನ್ನು, ಹೇಳಿದೆ. ಬಟ್ಟೆಯಿಂದ ಸೋಸುವುದನ್ನೂ ಕಾಯಿಸುವುದನ್ನೂ ಹೇಳಿದೆ. ಇವೆಲ್ಲವೂ ಇಂದಿಗೂ ಸತ್ಯವೇ. ಆದರೆ ಅವರ ಮುಂದಿದ್ದದ್ದು ಕೆರೆ, ಬಾವಿ, ಹೊಳೆಗಳ ನೀರು. ಸಾವಿರ ಅಡಿಯ ಕೊಳವೆಬಾವಿಯ ನೀರಾಗಿರಲಿಲ್ಲ.

ನೀರಿನ ದೋಷಗಳನ್ನು ಸ್ಥೂಲವಾಗಿ ಎರಡಾಗಿ ತಿಳಿಯಬಹುದು. ಮೊದಲನೆಯದು ರೋಗಾಣುಗಳ ದೋಷ. ಕಾಲರಾ, ವಿಷಮಶೀತಜ್ವರ, ಕಾಮಾಲೆ, ಅತಿಸಾರಗಳು ಇದರಿಂದ ಹರಡುತ್ತವೆ. ಇದಕ್ಕೆ ಕುದಿಸುವುದಕ್ಕಿಂತ ಉತ್ತಮವಾದ ಉಪಾಯವಿಲ್ಲ. ಕಾದಾರಿದ ನೀರು ಜೀರ್ಣಕ್ಕೂ ಹಗುರ. ತಾಮ್ರದ ಪಾತ್ರೆಯಲ್ಲಿ ರಾತ್ರಿಯಿಡೀ ಇಟ್ಟ ನೀರಿನಲ್ಲಿ ಹಲವು ರೋಗಾಣುಗಳು ಸಾಯುತ್ತವೆಂಬುದನ್ನು ಆಧುನಿಕ ಪ್ರಯೋಗಾಲಯಗಳೂ ಒಪ್ಪಿವೆ. ಎರಡನೆಯದು ನೀರಿನಲ್ಲಿ ಕರಗಿರುವ ಲವಣಗಳ ದೋಷ. ಇಲ್ಲಿ ಕುದಿಸುವುದೂ ತಾಮ್ರದ ಕೊಡವೂ ನಿಷ್ಪ್ರಯೋಜಕ. ಫ್ಲೋರೈಡ್ ಬೆರೆತ ನೀರನ್ನು ಕುದಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಉಳಿಯುತ್ತದೆ. ಅದರ ಸಾಂದ್ರತೆ ಕೊಂಚ ಹೆಚ್ಚೇ ಆಗುತ್ತದೆ. ಇದನ್ನು ನಾವು ಒತ್ತಿ ಹೇಳುತ್ತಿರುವುದು ನಮ್ಮ ಶಾಸ್ತ್ರದ ಹೆಸರಿನಲ್ಲಿಯೇ ಜನ ಮೋಸ ಹೋಗಬಾರದೆಂದು.

ಮುಂಡರಗಿ, ಪಾವಗಡ, ಕೋಲಾರ, ಚಿಕ್ಕಬಳ್ಳಾಪುರಗಳ ಕಡೆಯ ಓದುಗರಿಗೆ ಫ್ಲೋರೈಡಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಭಾರತೀಯ ಮಾನಕ ಸಂಸ್ಥೆಯ ಪ್ರಕಾರ ಒಂದು ಲೀಟರ್ ನೀರಿನಲ್ಲಿ ಅದು 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಜಲಮೂಲವಿಲ್ಲದಿದ್ದಾಗ 1.5ರವರೆಗೆ ಸಹಿಸಬಹುದು. ಅದಕ್ಕಿಂತ ಹೆಚ್ಚಾದ ನೀರನ್ನು ಬಾಲ್ಯದಿಂದ ಕುಡಿದವರ ಹಲ್ಲುಗಳಲ್ಲಿ ಹಳದಿ, ಕಂದು ಬಣ್ಣದ ಅಡ್ಡಗೆರೆಗಳು ಮೂಡುತ್ತವೆ. ಉಜ್ಜಿದರೆ ಹೋಗುವ ಕಲೆಗಳಲ್ಲ ಅವು. ಪ್ರಮಾಣ ಇನ್ನೂ ಹೆಚ್ಚಿದ್ದು ವರ್ಷಗಳು ಉರುಳಿದರೆ ಎಲುಬು, ಕೀಲುಗಳು ಬಿಗಿಯುತ್ತವೆ. ನಲವತ್ತರ ರೈತನೊಬ್ಬ ಸೊಂಟನೋವೆಂದು ಬಂದಾಗ ನಾವು ಮೂರು ಕೆಲಸ ಹೇಳುತ್ತೇವೆ: ಮಂಡಿ ಬಗ್ಗಿಸದೆ ಕಾಲ್ಬೆರಳು ಮುಟ್ಟುವುದು, ಗದ್ದವನ್ನು ಎದೆಗೆ ತಾಗಿಸುವುದು, ಎರಡೂ ಕೈಗಳನ್ನು ತಲೆಯ ಹಿಂದೆ ಕಟ್ಟುವುದು. ಇವು ಆಗದಿದ್ದಲ್ಲಿ ಎಣ್ಣೆ, ಕಷಾಯ ಬರೆಯುವ ಮುನ್ನ ಅವನ ಊರಿನ ನೀರಿನ ವಿಚಾರ ಕೇಳುತ್ತೇವೆ. ಸಂಧಿವಾತವೆಂದು ತಿಳಿದು ವರ್ಷಗಟ್ಟಲೆ ತೈಲ ತಿಕ್ಕಿಸಿಕೊಳ್ಳುತ್ತ, ಅದೇ ಕೊಳವೆಬಾವಿಯ ನೀರು ಕುಡಿಯುತ್ತ ಇರುವವರು ಈಗಲೂ ಇದ್ದಾರೆ. ಬಿಗಿದ ಎಲುಬನ್ನು ಸಡಿಲಿಸುವ ಔಷಧಿ ಯಾವ ಪದ್ಧತಿಯಲ್ಲಿಯೂ ಇಲ್ಲ. ನೀರು ಬದಲಾಗಬೇಕು, ಜೊತೆಗೆ ಹಾಲು, ರಾಗಿ, ನುಗ್ಗೆಸೊಪ್ಪು, ನೆಲ್ಲಿಕಾಯಿಗಳು ಆಹಾರದಲ್ಲಿರಬೇಕು. ಹುಣಸೆಹಣ್ಣಿನ ಸೇವನೆಯಿಂದ ಮೂತ್ರದ ಮೂಲಕ ಹೆಚ್ಚು ಫ್ಲೋರೈಡ್ ಹೊರಹೋಗುವುದನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಸಂಶೋಧಕರು ಮಕ್ಕಳಲ್ಲಿ ಕಂಡಿದ್ದಾರೆ. ನಮ್ಮ ಹುಳಿಸಾರಿಗೆ ಇದೊಂದು ಗೌರವವೇ ಸರಿ.

ಇಂಥ ಊರುಗಳಲ್ಲಿ ಆರ್.ಓ. ಯಂತ್ರ ನಿಜವಾಗಿಯೂ ಔಷಧಿ. ಅತಿ ಸೂಕ್ಷ್ಮವಾದ ಪೊರೆಯ ಮೂಲಕ ಒತ್ತಡದಿಂದ ನೀರನ್ನು ಹಾಯಿಸಿದಾಗ ಫ್ಲೋರೈಡ್, ನೈಟ್ರೇಟ್ ಮೊದಲಾದ ಲವಣಗಳ ಬಹುಭಾಗ ಹಿಂದೆಯೇ ಉಳಿಯುತ್ತದೆ. ಆದರೆ ಪೊರೆಗೆ ಒಳ್ಳೆಯದು ಕೆಟ್ಟದ್ದರ ವಿವೇಕವಿಲ್ಲ. ದೇಹಕ್ಕೆ ಬೇಕಾದ ಸುಣ್ಣದ ಅಂಶವನ್ನೂ ಮೆಗ್ನೀಸಿಯಮ್ಮನ್ನೂ ಅದು ತಡೆಯುತ್ತದೆ. ಜೊತೆಗೆ ಮನೆಯ ಯಂತ್ರಗಳು ಒಂದು ಲೀಟರ್ ನೀರು ಕೊಡಲು ಸಾಮಾನ್ಯವಾಗಿ ಎರಡು ಮೂರು ಲೀಟರ್ ನೀರನ್ನು ಚರಂಡಿಗೆ ಬಿಡುತ್ತವೆ. ಮಲಪ್ರಭೆಯ ನೀರು ಬರುವ ಹುಬ್ಬಳ್ಳಿ, ಧಾರವಾಡದ ಮನೆಗಳಲ್ಲಿಯೂ, ಕಾವೇರಿ ಬರುವ ಬೆಂಗಳೂರಿನ ಮನೆಗಳಲ್ಲಿಯೂ ಇದನ್ನು ಗೋಡೆಗೆ ತೂಗುಹಾಕುವುದು ನಿರೋಗಿಗೆ ಔಷಧಿ ಕುಡಿಸಿದಂತೆ. ಅಲ್ಲಿ ಸೋಸಿ ಕುದಿಸಿದರೆ ಸಾಕು. ಕರಗಿದ ಲವಣಗಳ ಒಟ್ಟು ಪ್ರಮಾಣ ಲೀಟರಿಗೆ 500 ಮಿಲಿಗ್ರಾಮಿಗಿಂತ ಕಡಿಮೆ ಇರುವಲ್ಲಿ ಇಂಥ ಯಂತ್ರಗಳನ್ನು ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಕೇಂದ್ರ ಸರ್ಕಾರಕ್ಕೆ ಸೂಚಿಸಿತ್ತು. ತಯಾರಕರು ಅದನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರು.

ಮಾರಾಟಕ್ಕೆ ಬರುವವರು ತೋರುವ ಒಂದು ಚಮತ್ಕಾರವನ್ನು ಇಲ್ಲಿ ಬಿಡಿಸಿ ಹೇಳಬೇಕು. ಒಂದು ಲೋಟದಲ್ಲಿ ನಿಮ್ಮ ಮನೆಯ ನಲ್ಲಿಯ ನೀರು, ಇನ್ನೊಂದರಲ್ಲಿ ಯಂತ್ರದ ನೀರು. ಎರಡರಲ್ಲಿಯೂ ಲೋಹದ ಕಡ್ಡಿಗಳನ್ನಿಳಿಸಿ ವಿದ್ಯುತ್ ಹರಿಸುತ್ತಾರೆ. ಕ್ಷಣಾರ್ಧದಲ್ಲಿ ನಿಮ್ಮ ನೀರು ಕೊಳಕು ಕಂದಾಗುತ್ತದೆ, ಅವರದು ತಿಳಿಯಾಗಿಯೇ ಉಳಿಯುತ್ತದೆ. ನೋಡಿದ ತಾಯಂದಿರು ಅಂದೇ ಮುಂಗಡ ಕೊಡುತ್ತಾರೆ. ಆ ಕಂದು ಬಣ್ಣ ನಿಮ್ಮ ನೀರಿನಲ್ಲಿದ್ದ ಕೊಳೆಯಲ್ಲ, ಕಬ್ಬಿಣದ ಕಡ್ಡಿ ಕರಗಿ ಬಿಟ್ಟ ತುಕ್ಕು. ಲವಣವಿರುವ ನೀರಿನಲ್ಲಿ ವಿದ್ಯುತ್ ಚೆನ್ನಾಗಿ ಹರಿಯುತ್ತದೆ, ಕಡ್ಡಿ ಕರಗುತ್ತದೆ. ಲವಣ ತೆಗೆದ ನೀರಿನಲ್ಲಿ ಹರಿಯುವುದು ಅತ್ಯಲ್ಪ. ಅವರ ಕೈಯ ಟಿ.ಡಿ.ಎಸ್. ಮಾಪಕದ ಕಥೆಯೂ ಇದೇ. ಅದು ಅಳೆಯುವುದು ವಿದ್ಯುತ್ ವಾಹಕತೆಯನ್ನು. ಅದಕ್ಕೆ ರೋಗಾಣು ಕಾಣದು, ಫ್ಲೋರೈಡ್ ಎಷ್ಟೆಂಬುದೂ ತಿಳಿಯದು. ಸುಣ್ಣದ ಅಂಶ ಕಡಿಮೆಯಿರುವ, ಕುಡಿಯಲು ಮೃದುವಾದ ನೀರಿನಲ್ಲಿಯೇ ಫ್ಲೋರೈಡ್ ಹೆಚ್ಚಾಗಿರುವುದುಂಟು.

ಇನ್ನು ಊರಿನ ಘಟಕಗಳ ಮಾತು. 5 ರೂಪಾಯಿ ನಾಣ್ಯ ಹಾಕಿ 20 ಲೀಟರಿನ ಕ್ಯಾನು ತುಂಬಿಸಿಕೊಳ್ಳುವ ಈ ವ್ಯವಸ್ಥೆ ಬಯಲುಸೀಮೆಗೆ ಉಪಕಾರವನ್ನೇ ಮಾಡಿದೆ. ಆದರೆ ಪೊರೆ ಸವೆದರೂ ನೀರು ತಿಳಿಯಾಗಿಯೇ ಬರುತ್ತದೆ. ಕಣ್ಣಿಗೆ, ನಾಲಿಗೆಗೆ ಗೊತ್ತಾಗದು. ಘಟಕದ ಗೋಡೆಯ ಮೇಲೆ ಉದ್ಘಾಟಿಸಿದವರ ಹೆಸರಿನ ಕಲ್ಲು ಇರುತ್ತದೆ. ಪೊರೆ ಬದಲಿಸಿದ ದಿನಾಂಕ, ಕಳೆದ ಪರೀಕ್ಷೆಯ ಫ್ಲೋರೈಡ್ ಪ್ರಮಾಣ ಇವುಗಳ ಫಲಕವೂ ಇರಬೇಕೆಂದು ಗ್ರಾಮಸಭೆಯಲ್ಲಿ ಕೇಳುವುದು ನಮ್ಮ ಹಕ್ಕು. ಘಟಕದಿಂದ ಹೊರಬೀಳುವ ನೀರಿನಲ್ಲಿ ಫ್ಲೋರೈಡ್ ಮತ್ತಷ್ಟು ಸಾಂದ್ರವಾಗಿರುತ್ತದೆ. ಅದನ್ನು ಪಕ್ಕದ ತಗ್ಗಿಗೆ ಬಿಟ್ಟು ದನಗಳಿಗೆ ಕುಡಿಸುವುದು ಸಲ್ಲದು.

ಮತ್ತೊಂದು ದೋಷ ನಮ್ಮ ಅಡುಗೆಮನೆಗಳಲ್ಲಿದೆ. ಕುಡಿಯಲು ಘಟಕದ ನೀರು, ಅಡುಗೆಗೆ ಕೊಳವೆಬಾವಿಯ ನೀರು ಎಂಬ ವಿಂಗಡಣೆ ಮಿತವ್ಯಯವೆನಿಸಬಹುದು. ಆದರೆ ಅನ್ನ, ಬೇಳೆ, ಸಾರು ಎಲ್ಲವೂ ಬೇಯುವ ನೀರನ್ನು ಹೀರುತ್ತವೆ. ಬಾಟಲಿಯ ಹಾಲು ಕುಡಿಯುವ ಕೂಸಿಗಂತೂ ಆ ನೀರೇ ಆಹಾರ. ಫ್ಲೋರೈಡ್ ಇರುವ ಊರಿನಲ್ಲಿ ಅಡುಗೆಗೂ ಶುದ್ಧ ನೀರೇ ಬೇಕು. ದಿನವೂ ನೂರಾರು ಜನಕ್ಕೆ ಪ್ರಸಾದ ನೀಡುವ ಮಠಗಳ ದಾಸೋಹದ ಅಡುಗೆಮನೆಗಳು ಮೊದಲು ತಮ್ಮ ನೀರನ್ನು ಪರೀಕ್ಷಿಸಿಕೊಳ್ಳಲಿ ಎಂದು ಈ ಪತ್ರಿಕೆಯಲ್ಲಿಯೇ ವಿನಂತಿಸುವುದು ಅಪ್ರಸ್ತುತವಾಗಲಾರದು.

ಶಾಶ್ವತ ಪರಿಹಾರವಿರುವುದು ನೆಲದ ಮೇಲಿನ ನೀರಿನಲ್ಲಿ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ್ದನ್ನು ನಾವು ಪುಣ್ಯಕಾರ್ಯವೆಂದು ಸ್ಮರಿಸುತ್ತೇವೆ. ಅದು ಆರೋಗ್ಯಕಾರ್ಯವೂ ಹೌದು. ಒಂದು ಸಣ್ಣ ಲೆಕ್ಕ: ವರ್ಷಕ್ಕೆ 600 ಮಿಲಿಮೀಟರ್ ಮಳೆಯಾಗುವಲ್ಲಿ 30 ಚದರ ಮೀಟರಿನ ಮಾಳಿಗೆಯ ಮೇಲೆ 18,000 ಲೀಟರ್ ನೀರು ಬೀಳುತ್ತದೆ. ಐದು ಜನರ ಸಂಸಾರ ಕುಡಿಯಲು, ಬೇಯಿಸಲು ದಿನಕ್ಕೆ 25 ಲೀಟರ್ ಬಳಸಿದರೂ ವರ್ಷಕ್ಕೆ ಬೇಕಾಗುವುದು ಸುಮಾರು 9,000 ಲೀಟರ್. ಮೊದಲ ಮಳೆಗಳನ್ನು ಹರಿಯಬಿಟ್ಟು, ಅನಂತರದ್ದನ್ನು ಸೋಸಿ, ಬೆಳಕು ತಾಗದ ತೊಟ್ಟಿಯಲ್ಲಿ ಹಿಡಿದು, ಕುದಿಸಿ ಕುಡಿಯಬಹುದು.

ಪರೀಕ್ಷೆಗೆ ನೀರು ಒಯ್ಯುವವರು ಗಾಜಿನ ಶೀಶೆಯ ಬದಲು ಒಂದು ಲೀಟರಿನ ಶುಭ್ರವಾದ ಪ್ಲಾಸ್ಟಿಕ್ ಬಾಟಲಿ ಬಳಸಬೇಕು. ಅದೇ ನೀರಿನಿಂದ ಮೂರು ಸಲ ತೊಳೆದು, ಕೊಳವೆಬಾವಿಯನ್ನು ಕೆಲಹೊತ್ತು ಹರಿಯಬಿಟ್ಟ ಮೇಲೆ ತುಂಬಬೇಕು. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಗಳಲ್ಲಿ ಸಾರ್ವಜನಿಕರೂ ಅಲ್ಪ ಶುಲ್ಕ ಕೊಟ್ಟು ಪರೀಕ್ಷೆ ಮಾಡಿಸಬಹುದು. ಫ್ಲೋರೈಡ್, ನೈಟ್ರೇಟ್, ರೋಗಾಣು ಈ ಮೂರನ್ನೂ ಹೆಸರಿಸಿಯೇ ಕೇಳಿರಿ. ರೋಗಾಣುವಿನ ಪರೀಕ್ಷೆಗೆ ಮಾತ್ರ ಪ್ರಯೋಗಾಲಯದವರು ಕೊಡುವ ಸಂಸ್ಕರಿಸಿದ ಬಾಟಲಿಯೇ ಆಗಬೇಕು. ಬೇಸಿಗೆಯ ಕೊನೆಗೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಮಾಡಿಸಿದರೆ ಒಳಿತು. ಒಂದೇ ಬಾವಿಯ ನೀರು ಈ ಎರಡು ಕಾಲಗಳಲ್ಲಿ ಒಂದೇ ತೆರನಾಗಿರುವುದಿಲ್ಲ.