ಬಾಲದಿಂದ ಮೂತಿಗೆ ಬಂದ ಚಕ್ರ

ಚಕ್ರ ನೆಲಕ್ಕೆ ತಾಗಿದ ಕೂಡಲೇ ಹಾರಾಟ ಮುಗಿಯಿತು ಎಂದು ಪ್ರಯಾಣಿಕರು ನಿಟ್ಟುಸಿರು ಬಿಡುತ್ತಾರೆ. ಹಳೆಯ ಪುಟ್ಟ ವಿಮಾನಗಳ ಪೈಲಟ್‌ಗೆ ನಿಜವಾದ ಪರೀಕ್ಷೆ ಶುರುವಾಗುತ್ತಿದ್ದುದೇ ಆಗ.

ಆ ವಿಮಾನಗಳಿಗೆ ಎರಡು ದೊಡ್ಡ ಚಕ್ರ ಮುಂದೆ, ಒಂದು ಚಿಕ್ಕದು ಬಾಲದಡಿ. ಮೂತಿ ಎತ್ತಿ ನಿಲ್ಲುವುದರಿಂದ ಒರಟು ನೆಲದಲ್ಲೂ ಪ್ರೊಪೆಲರ್ ಭದ್ರ. ತೊಡಕೆಂದರೆ, ವಿಮಾನದ ಭಾರದ ಕೇಂದ್ರ ದೊಡ್ಡ ಚಕ್ರಗಳ ಹಿಂದಿರುತ್ತದೆ. ಟ್ರ್ಯಾಕ್ಟರನ್ನು ರಿವರ್ಸ್ ತೆಗೆಯುವಾಗ ಟ್ರೇಲರ್ ಒಮ್ಮೆ ಓರೆಯಾದರೆ ಇನ್ನಷ್ಟು ಓರೆಯಾಗುತ್ತಲೇ ಹೋಗುವುದಿಲ್ಲವೆ, ಹಾಗೆ. ಬಾಲದ ರಡ್ಡರ್ ತಿರುಗಿಸುವ ಪೆಡಲ್ ಮೇಲೆ ಪೈಲಟ್‌ನ ಕಾಲು ಕ್ಷಣ ತಡವರಿಸಿದರೂ ವಿಮಾನ ಗಿರ್ರನೆ ತಿರುಗಿ ರೆಕ್ಕೆಯ ತುದಿ ನೆಲಕ್ಕೆ ಬಡಿಯುತ್ತದೆ. ಇದೇ ಗ್ರೌಂಡ್ ಲೂಪ್.

ಮೊದಮೊದಲು ಹುಲ್ಲು ಕಾಪಾಡಿತು. ಆಗಿನ ನಿಲ್ದಾಣವೆಂದರೆ ಬಯಲು. ಗಾಳಿ ಯಾವ ಕಡೆಯಿಂದ ಬೀಸಿದರೆ ಆ ಕಡೆಗೇ ಮುಖಮಾಡಿ ಇಳಿಯಬಹುದಿತ್ತು. ಬಾಲದಡಿ ಚಕ್ರದ ಬದಲು ಒಂದು ತುಂಡು ಕೊರಡಿದ್ದು, ಅದು ನೆಲ ಕೆರೆಯುತ್ತ ವಿಮಾನವನ್ನು ನೆಟ್ಟಗೆ ಹಿಡಿದಿಡುತ್ತಿತ್ತು. ಕಾಂಕ್ರೀಟ್ ರನ್‌ವೇ ಬಂದಾಗ ಎರಡೂ ಅನುಕೂಲ ಹೋದವು. ದಾರಿ ಒಂದೇ, ಗಾಳಿ ಮಾತ್ರ ಎತ್ತಲಿಂದಲೋ. ತಪ್ಪನ್ನೆಲ್ಲ ಪೈಲಟ್ ತಲೆಗೆ ಕಟ್ಟುವುದು ನ್ಯಾಯವಲ್ಲ ಎನ್ನುವುದು ಇದಕ್ಕೇ.

ಹಾಗೆ ಕಟ್ಟದವರಲ್ಲಿ ಅಮೆರಿಕದ ಎಂಜಿನಿಯರ್ ಫ್ರೆಡ್ ವೈಕ್ ಒಬ್ಬರು. 1934ರಲ್ಲಿ ಅವರು ಗೆಳೆಯರೊಡನೆ ಬಿಡುವಿನ ವೇಳೆಯಲ್ಲಿ ಕಟ್ಟಿದ ಡಬ್ಲ್ಯೂ-1 ವಿಮಾನಕ್ಕೆ ಮೂರನೆಯ ಚಕ್ರ ಮೂತಿಯಡಿ ಇತ್ತು. ಭಾರದ ಕೇಂದ್ರ ಈಗ ಹಿಂದಿನ ಜೋಡಿ ಚಕ್ರಗಳ ಮುಂದೆ. ಓರೆಯಾಗಿ ಇಳಿದರೂ ವಿಮಾನ ತಾನೇ ನೆಟ್ಟಗಾಗುತ್ತದೆ. ವಿಮಾನ ನಿರ್ಮಾಪಕ ಕರ್ಟಿಸ್‌ನ ಆರಂಭದ ವಿಮಾನಗಳಲ್ಲೂ ಮುಂಚಕ್ರವಿತ್ತು, ಮರೆತುಹೋಗಿತ್ತಷ್ಟೇ. ಸಾಮಾನ್ಯರಿಗೊಂದು ಸುಲಭದ ವಿಮಾನ ಬೇಕೆಂದು ಸರ್ಕಾರದ ವಾಯುಯಾನ ಮುಖ್ಯಸ್ಥ ಯೂಜೀನ್ ವೈಡಲ್ ಆಗ ಹಟ ಹಿಡಿದಿದ್ದರು. 1936ರಲ್ಲಿ ತಮ್ಮ ಹತ್ತು ವರ್ಷದ ಮಗನ ಕೈಯಲ್ಲಿ ಅಂಥದ್ದೊಂದನ್ನು ಹಾರಿಸಿ ನ್ಯೂಸ್‌ರೀಲ್‌ಗೆ ತೋರಿಸಿದರು. ಆ ಹುಡುಗನೇ ಮುಂದೆ ಕಾದಂಬರಿಕಾರನಾದ ಗೋರ್ ವೈಡಲ್!

ವೈಕ್ ಅಲ್ಲಿಗೇ ನಿಲ್ಲಲಿಲ್ಲ. 1937ರಲ್ಲಿ ಹಾರಿದ ಅವರ ಎರ್ಕೂಪ್‌ನಲ್ಲಿ ರಡ್ಡರ್ ಪೆಡಲ್‌ಗಳೇ ಇರಲಿಲ್ಲ. ಕಾರಿನಂತೆ ಸ್ಟೀರಿಂಗ್ ತಿರುಗಿಸಿದರೆ ಸಾಕು. ಎರಡನೆಯ ಮಹಾಯುದ್ಧ ಮುಗಿದಾಗ ಮೇಸೀಸ್ ಎಂಬ ಡಿಪಾರ್ಟ್‌ಮೆಂಟ್ ಅಂಗಡಿಯಲ್ಲೂ ಅದು ಮಾರಾಟಕ್ಕಿತ್ತು. 1946ರಲ್ಲಿ 4,000ಕ್ಕೂ ಹೆಚ್ಚು ತಯಾರಾಗಿ, ಆಮೇಲೆ ಮಾರುಕಟ್ಟೆಯೇ ಕುಸಿಯಿತು. ಮುಂಚಕ್ರ ಉಳಿಯಿತು. ಪೈಪರ್ ಕಂಪನಿ 1951ರಲ್ಲಿ ತನ್ನ ಪೇಸರ್‌ನ ಬಾಲದ ಚಕ್ರವನ್ನು ಮುಂದಕ್ಕೆ ತಂದಿತು. ಸೆಸ್ನಾ ಕಂಪನಿಯ 170 ಹಾಗೆಯೇ ಬದಲಾಗಿ 1956ರ ಹೊತ್ತಿಗೆ 172 ಆಯಿತು. ಈವರೆಗೆ ತಯಾರಾದ 172ಗಳು 44,000 ದಾಟಿವೆ. ನಮ್ಮ ಬೆಂಗಳೂರಿನ ಎಚ್‌ಎಎಲ್ ಮಾತ್ರ 1958ರಲ್ಲಿ ಹಾರಿಸಿದ ಪುಷ್ಪಕ್‌ಗೆ ಬಾಲದ ಚಕ್ರವನ್ನೇ ಇಟ್ಟಿತು. ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಷ್ಟೋ ಮಂದಿ ಕಾಲು ಪಳಗಿಸಿಕೊಂಡದ್ದು ಅದರಲ್ಲಿ.

ಮುಂಚಕ್ರ ಬಂತೆಂದು ಅಪಾಯ ತಪ್ಪಲಿಲ್ಲ, ವೇಷ ಬದಲಿಸಿತು. ಮುಂಚಕ್ರ ಕಾಲಿನ ಸೋಮಾರಿತನವನ್ನು ಸ್ವಲ್ಪ ಮಟ್ಟಿಗೆ ಮನ್ನಿಸುತ್ತದೆ, ಅತಿವೇಗವನ್ನಲ್ಲ. ವೇಗವಾಗಿ ಬಂದು ಒತ್ತಾಯದಿಂದ ಇಳಿಸಿದರೆ ಮುಂಚಕ್ರವೇ ಮೊದಲು ತಾಗಿ ವಿಮಾನ ಪುಟಿಯುತ್ತದೆ. ಪೈಲಟ್ ಗಾಬರಿಯಿಂದ ಮೂತಿ ಒತ್ತಿದಷ್ಟೂ ಪುಟಿತ ಹೆಚ್ಚಿ, ಕೊನೆಗೆ ಮುಂಚಕ್ರದ ಕಾಲು ಮುರಿದು ಪ್ರೊಪೆಲರ್ ನೆಲಕ್ಕೆ ಬಡಿಯುತ್ತದೆ. ಇತ್ತ ಹಳೆಯ ವಿದ್ಯೆಗೆ ಬೇರೆಯೇ ದರ್ಜೆ ಬಂದಿದೆ. ಅಮೆರಿಕದಲ್ಲಿ 1991ರ ಏಪ್ರಿಲ್ 15ಕ್ಕೆ ಮೊದಲು ಬಾಲಚಕ್ರದ ವಿಮಾನವನ್ನು ಸ್ವಂತ ಹೊಣೆಯಲ್ಲಿ ಹಾರಿಸಿರದವರು ಅದಕ್ಕೆಂದೇ ತರಬೇತಿ ಪಡೆದು ಲಾಗ್‌ಬುಕ್ಕಿನಲ್ಲಿ ಬೋಧಕರ ಸಹಿ ಹಾಕಿಸಿಕೊಳ್ಳಬೇಕು. ಅಡ್ಡಗಾಳಿಯಲ್ಲಿ ಇಳಿಯುವುದೂ, ಇಳಿತ ಕೆಡುತ್ತಿದ್ದರೆ ಅದನ್ನು ಕೈಬಿಟ್ಟು ಮತ್ತೆ ಮೇಲೇರುವುದೂ ಆ ಪಾಠದಲ್ಲಿ ಕಡ್ಡಾಯ.