ಮಕ್ಕಳ ಯಕೃತ್ತಿಗೂ ಕೊಬ್ಬಿನ ಕಾಟ

ಯಕೃತ್ತಿನಲ್ಲಿ ಕೊಬ್ಬು ತುಂಬುವುದು ಕುಡುಕರಿಗೆ ಬರುವ ಕಾಯಿಲೆ ಎಂಬ ನಂಬಿಕೆ ಬಹುಕಾಲ ವೈದ್ಯರಲ್ಲೂ ಬೇರೂರಿತ್ತು. ಅಮೆರಿಕದ ಮೇಯೊ ಕ್ಲಿನಿಕ್‌ನ ರೋಗವಿಜ್ಞಾನಿ ಲುಡ್ವಿಗ್ ಮತ್ತು ಸಂಗಡಿಗರು 1980ರಲ್ಲಿ, ಮದ್ಯವ್ಯಸನವಿಲ್ಲದವರ ಯಕೃತ್ತಿನಲ್ಲಿಯೂ ಅದೇ ಬಗೆಯ ಹಾನಿಯನ್ನು ಗುರುತಿಸಿದರು. 1983ರಲ್ಲಿ ಸ್ಥೂಲಕಾಯದ ಮೂವರು ಮಕ್ಕಳಲ್ಲಿ ಈ ರೋಗ ವರದಿಯಾಯಿತು. ಅಂದು ಅಪರೂಪವೆನಿಸಿದ್ದು ಇಂದು ಮಕ್ಕಳ ಯಕೃತ್ತಿನ ದೀರ್ಘಕಾಲೀನ ಕಾಯಿಲೆಗಳಲ್ಲೇ ಅತ್ಯಂತ ಸಾಮಾನ್ಯವಾದುದು.

ಇದರ ವ್ಯಾಪ್ತಿಯನ್ನು ಬಯಲಿಗೆ ತಂದ ಅಧ್ಯಯನ ನಡೆದದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ. 1993ರಿಂದ 2003ರವರೆಗೆ ಅಪಘಾತ ಮುಂತಾದ ಅಸಹಜ ಕಾರಣಗಳಿಂದ ಮೃತಪಟ್ಟ, 2ರಿಂದ 19 ವರ್ಷದೊಳಗಿನ 742 ಮಂದಿಯ ಮರಣೋತ್ತರ ಪರೀಕ್ಷೆಯ ದಾಖಲೆ ಹಾಗೂ ಯಕೃತ್ತಿನ ಅಂಗಾಂಶಗಳನ್ನು ವೈದ್ಯರು ಪರಿಶೀಲಿಸಿದರು. ಸ್ಥೂಲಕಾಯದ ಮಕ್ಕಳ ಪೈಕಿ ಶೇ. 38ರಷ್ಟು ಮಂದಿಯಲ್ಲಿ ಕೊಬ್ಬಿನ ಯಕೃತ್ತು ಕಂಡುಬಂತು. 2006ರಲ್ಲಿ ಪ್ರಕಟವಾದ ಈ ಅಂಕಿಗೆ ಹೆಚ್ಚಿನ ತೂಕವಿದೆ. ಏಕೆಂದರೆ ಇವರು ಯಕೃತ್ತಿನ ತೊಂದರೆಯೆಂದು ಆಸ್ಪತ್ರೆಗೆ ಬಂದವರಲ್ಲ.

ಈ ಕೊಬ್ಬು ಎಲ್ಲಿಂದ ಬರುತ್ತದೆ? ಎಣ್ಣೆ, ತುಪ್ಪದಿಂದ ಮಾತ್ರ ಎಂದುಕೊಂಡರೆ ತಪ್ಪು. ಸಕ್ಕರೆಯ ಅರ್ಧಭಾಗವಾದ ಫ್ರಕ್ಟೋಸನ್ನು ಅರಗಿಸುವ ಹೊಣೆ ಬಹುಪಾಲು ಯಕೃತ್ತಿನದೇ. ಮಿತಿ ಮೀರಿ ಬಂದ ಫ್ರಕ್ಟೋಸನ್ನು ಅದು ಕೊಬ್ಬಾಗಿ ಮಾರ್ಪಡಿಸುತ್ತದೆ. ಇದರ ಜೊತೆಗೆ, ಸ್ಥೂಲಕಾಯದಲ್ಲಿ ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದ ಕಾರಣ, ಚರ್ಮದಡಿ ಮತ್ತು ಹೊಟ್ಟೆಯಲ್ಲಿ ಶೇಖರವಾದ ಕೊಬ್ಬು ರಕ್ತದ ಮೂಲಕ ಯಕೃತ್ತಿಗೆ ಹರಿಯುತ್ತದೆ. ಯಕೃತ್ತಿನಲ್ಲಿ ಕೊಬ್ಬಿನಂಶ ಶೇ. 5ನ್ನು ದಾಟಿದರೆ ಅದು ರೋಗ. ಕೆಲವು ಮಕ್ಕಳಲ್ಲಿ ಅದು ಅಲ್ಲಿಗೇ ನಿಲ್ಲುತ್ತದೆ. ಇನ್ನು ಕೆಲವರಲ್ಲಿ ಉರಿಯೂತ ಉಂಟಾಗಿ, ಜೀವಕೋಶಗಳು ಸತ್ತು, ಆ ಜಾಗದಲ್ಲಿ ಗಟ್ಟಿ ನಾರು ಬೆಳೆಯುತ್ತದೆ. ಅನುವಂಶೀಯತೆಯ ಪಾತ್ರವೂ ಇದೆ.

ಸಂಕಟವೆಂದರೆ, ಯಕೃತ್ತು ನೋವಿನ ಮೂಲಕ ಮುನ್ಸೂಚನೆ ನೀಡುವುದು ಕಡಿಮೆ. ಮಗು ಆಡುತ್ತದೆ, ಉಣ್ಣುತ್ತದೆ. "ದುಂಡಗಿದ್ದರೆ ತಾನೇ ಆರೋಗ್ಯ" ಎಂದು ಮನೆಯವರು ಹಿಗ್ಗುತ್ತಾರೆ. ಆದರೆ ಕತ್ತಿನ ಹಿಂಭಾಗದಲ್ಲಿ, ಕಂಕುಳಲ್ಲಿ ಮಖಮಲ್ಲಿನಂತೆ ದಪ್ಪಗಾದ ಕಪ್ಪು ಚರ್ಮವನ್ನು ಗಮನಿಸಬೇಕು. ಕಡಲೆಹಿಟ್ಟು ಹಚ್ಚಿ ಎಷ್ಟು ಉಜ್ಜಿದರೂ ಅದು ಹೋಗದು, ಏಕೆಂದರೆ ಅದು ಕೊಳೆಯಲ್ಲ. ಇನ್ಸುಲಿನ್ ಪ್ರತಿರೋಧದ ಗುರುತು. ಉತ್ತರ ಅಮೆರಿಕದ ಮಕ್ಕಳ ಉದರತಜ್ಞರ ಸಂಘವು 2017ರಲ್ಲಿ, ಸ್ಥೂಲಕಾಯದ ಮಕ್ಕಳಿಗೆ 9ರಿಂದ 11ನೇ ವಯಸ್ಸಿನಲ್ಲೇ ಎಎಲ್‌ಟಿ ಎಂಬ ರಕ್ತಪರೀಕ್ಷೆ ಮಾಡಿಸುವಂತೆ ಸಲಹೆ ನೀಡಿತು. ಅದರ ಪ್ರಕಾರ ಹುಡುಗಿಯರಿಗೆ 22, ಹುಡುಗರಿಗೆ 26 ಯೂನಿಟ್ ಸಹಜ ಮಿತಿ. ಪ್ರಯೋಗಾಲಯದ ವರದಿಗಳಲ್ಲಿ ಅಚ್ಚಾಗುವ ಮಿತಿ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚಿರುವುದರಿಂದ, "ನಾರ್ಮಲ್" ಎಂಬ ಷರಾ ನಂಬಿ ಸುಮ್ಮನಾಗುವಂತಿಲ್ಲ. ಅಲ್ಟ್ರಾಸೌಂಡ್ ಕೂಡ ಅಲ್ಪ ಪ್ರಮಾಣದ ಕೊಬ್ಬನ್ನು ತೋರಿಸದೆ ಹೋಗಬಹುದು. ವಿಲ್ಸನ್ ಕಾಯಿಲೆಯಂತಹ ಇತರ ಕಾರಣಗಳಿಲ್ಲವೆಂದು ಖಚಿತಪಡಿಸಿಕೊಳ್ಳುವುದು ವೈದ್ಯರ ಕೆಲಸ.

ಚಿಕಿತ್ಸೆಯ ವಿಷಯಕ್ಕೆ ಬಂದರೆ, 2019ರಲ್ಲಿ ಪ್ರಕಟವಾದ ಪ್ರಯೋಗವೊಂದು ಆಶಾದಾಯಕ. ರೋಗವಿದ್ದ, 11ರಿಂದ 16 ವರ್ಷದ 40 ಹುಡುಗರನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ 8 ವಾರ ಸೇರಿಸಿದ ಸಕ್ಕರೆ ಬಹುತೇಕ ಇಲ್ಲದ ಆಹಾರ. ಅದೂ ಹುಡುಗನಿಗೆ ಮಾತ್ರವಲ್ಲ, ಇಡೀ ಮನೆಗೆ. ಅವರ ಯಕೃತ್ತಿನ ಕೊಬ್ಬು ಸರಾಸರಿ ಶೇ. 25ರಿಂದ 17ಕ್ಕೆ ಇಳಿಯಿತು. ಎಂದಿನಂತೆ ಉಂಡವರಲ್ಲಿ ಅದು 21ರಿಂದ 20ಕ್ಕಷ್ಟೇ ಬಂತು. ಅಣ್ಣನ ಎದುರೇ ತಮ್ಮ ಐಸ್‌ಕ್ರೀಂ ತಿನ್ನುತ್ತಿದ್ದರೆ ಪಥ್ಯ ನಡೆಯುವುದಾದರೂ ಹೇಗೆ? ಅಮೆರಿಕದ ಹೃದಯ ಸಂಘದ ಪ್ರಕಾರ ಮಕ್ಕಳಿಗೆ ದಿನಕ್ಕೆ ಸೇರಿಸಿದ ಸಕ್ಕರೆ 25 ಗ್ರಾಂ ಮೀರಬಾರದು, 300 ಮಿ.ಲೀ. ಕೋಲಾದಲ್ಲೇ 30 ಗ್ರಾಂಗೂ ಹೆಚ್ಚಿರುತ್ತದೆ.

ಮಾತ್ರೆಗಳ ಕಥೆ ಬೇರೆ. ವಿಟಮಿನ್ ಇ ಮತ್ತು ಮೆಟ್‌ಫಾರ್ಮಿನ್‌ಗಳನ್ನು ಮಕ್ಕಳಲ್ಲಿ ಪರೀಕ್ಷಿಸಿದ, 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎಎಲ್‌ಟಿಯನ್ನು ನಿರಂತರವಾಗಿ ತಗ್ಗಿಸುವುದರಲ್ಲಿ ಅವೆರಡೂ ಹುಸಿಮಾತ್ರೆಗಿಂತ ಮೇಲೆನಿಸಲಿಲ್ಲ. ಅಮೆರಿಕದಲ್ಲಿ 2024ರಲ್ಲಿ ಮಂಜೂರಾದ ರೆಸ್ಮೆಟಿರಾಮ್ ವಯಸ್ಕರಿಗೆ ಮಾತ್ರ.